ಹುರುಳಿಕಟ್ಟಿನ ಕಾಕ್‌ಟೇಲ್

ವಾರಗಿತ್ತಿ ಸತ್ತರೆ ಎದೆ ಬಡಿದುಕೊಂಡು ಅಳಬಹುದು. ವಾರಗಿತ್ತಿಗೆ ಹೆಸರು ಬಂದರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಕೊಟ್ಟು ಹೋಗಿಲ್ಲ. ಚಿಕ್ಕಲಸಂದ್ರದ ಅಕ್ಕಯಮ್ಮನಿಗೆ ಬಂದೊದಗಿದ ಕಷ್ಟ ಇದೇ.

ಹೆಸರು ಎಂದರೆ ಅಂತಿಂಥ ಹೆಸರಲ್ಲ. ಜೆ.ಪಿ. ನಗರದ ಒಂದು ಬಾರಿನಲ್ಲಿ, ಬಣ್ಣದ ದೀಪದ ಕೆಳಗೆ, ಉದ್ದ ಕಾಲಿನ ಗಾಜಿನ ಲೋಟದಲ್ಲಿ, ನೆತ್ತಿಗೊಂದು ತುಳಸಿ ಕುಡಿ ಮುಡಿದುಕೊಂಡು ಬರುವ ಹೆಸರು. ಗಿರಾಕಿಗಳು ಕಾಲ ಮೇಲೆ ಕಾಲು ಹಾಕಿ ಕೂತು, "ಎರಡು ತಿಮ್ಮಕ್ಕ ಕೊಡಿ" ಅನ್ನುತ್ತಾರಂತೆ. ತಿಮ್ಮಕ್ಕ ಎಂದರೆ ಅಕ್ಕಯಮ್ಮನ ಮೈದುನ ಬೋರಣ್ಣನ ಹೆಂಡತಿ, ಕಾಂಪೌಂಡಿನ ಆಚೆ ಮನೆಯವಳು. ಬೇಲದ ಹಣ್ಣಿನ ಪಾನಕವೊಂದನ್ನು ಬಿಟ್ಟರೆ ನೀರು ಕಾಯಿಸಿದರೂ ತಳ ಹಿಡಿಸುವವಳು. (ಇದು ಅಕ್ಕಯಮ್ಮನ ಅಭಿಪ್ರಾಯ. ಬೋರಣ್ಣ ಅದೇ ಕೈಯೂಟ ಉಂಡು ಗುಂಡುಕಲ್ಲಿನ ಹಾಗಿದ್ದಾನೆ ಎನ್ನುವುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.)

ಇದಕ್ಕೆಲ್ಲ ಕಾರಣ ಅಕ್ಕಯಮ್ಮನ ಮಹಡಿಯ ಮೇಲೆ ಬಾಡಿಗೆಗಿದ್ದ ದೀಪಕ್. ಆ ಬಾರಿನಲ್ಲಿ ಪಾನೀಯ ಬೆರೆಸಿ, ಕುಲುಕಿ, ಸುರಿಯುವ ಕೆಲಸ ಅವನದು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಮಾರುಕಟ್ಟೆಯ ಸಮಾಚಾರವನ್ನೆಲ್ಲ ಬಿಡಿಸಿ ಹೇಳಿದ್ದ.

"ಅಜ್ಜಿ, ಈಗ ವಿಸ್ಕಿಗೆ ಸೋಡಾ ಸುರಿದುಕೊಟ್ರೆ ಯಾರೂ ಮೂಸಿ ನೋಡಲ್ಲ. ಎಲ್ರಿಗೂ ಅವರವರ ಸೀಮೆ ರುಚಿ ಬೇಕು. ಗೋವಾದೋರು ಫೆನಿಗೆ ಕೋಕಂ ಹಾಕ್ತಾರೆ. ಕೋಲ್ಕತ್ತಾದೋರು ಗಂಧರಾಜ ನಿಂಬೆ ಹಿಂಡ್ತಾರೆ. ಮದ್ರಾಸ್‌ನೋರು ವೋಡ್ಕಾಗೆ ರಸಂ ಬೆರೆಸಿ ಕೊಡ್ತಾರೆ. ನಮ್ ಬೆಂಗಳೂರಿಂದು ಏನು ಅಂತ ನಮ್ ಮೇಡಂ ನನ್ನ ತಲೆ ತಿಂತಾವ್ರೆ. ನಿಮ್ ಕೈ ಪಾನಕ ಏನಾದ್ರೂ ಸಿಕ್ಕಿದ್ರೆ..."

"ರಾಮನವಮಿ ಪಾನಕಾನ ಹೆಂಡದಂಗಡಿಗೆ ಕೊಡಾದಾ? ಥೂ! ಬಾಡಿಗೆಗೆ ಬಂದೋನು ಬಾಡಿಗೆಗೆ ಬಂದಂಗಿರು!"

ದೀಪಕ್ ಬಾಡಿಗೆಗೆ ಬಂದ ಹಾಗೆಯೇ ತಲೆತಗ್ಗಿಸಿ ಎದ್ದು, ನೇರ ಕಾಂಪೌಂಡಿನ ಆಚೆ ಹೋದ. ತಿಮ್ಮಕ್ಕ ಯಾವ ಶಾಸ್ತ್ರವನ್ನೂ ನೋಡದೆ ಒಂದು ಬೇಲದ ಹಣ್ಣನ್ನು ಕಲ್ಲಿನ ಮೇಲೆ ಕುಟ್ಟಿ ಒಡೆದಳು. ಒಡೆದದ್ದು ಹಣ್ಣು, ಹೋಳಾದದ್ದು ಅಕ್ಕಯಮ್ಮನ ನೆಮ್ಮದಿ.

ಮೊದಲು ಅಕ್ಕಯಮ್ಮ ಧರ್ಮದ ದಾರಿ ಹಿಡಿದಳು. ಬೋರಣ್ಣನನ್ನು ಜಗಲಿಗೆ ಕರೆಸಿ, "ಮನೆ ಹೆಣ್ಮಗಳ ಹೆಸರನ್ನ ಕುಡುಕರ ಬಾಯಿಗೆ ಹಾಕಿದ್ದೀಯಲ್ಲ, ನಮ್ಮ ವಂಶದ ಮಾನ ಏನಾಗ್ಬೇಕು?" ಎಂದು ಕೇಳಿದಳು.

ಬೋರಣ್ಣ ಮೀಸೆ ಒರೆಸಿಕೊಂಡ. "ನಂಗೂ ಅಂಗೇ ಅನ್ನಿಸ್ತು ಅತ್ತಿಗೆ. ಜಗಳ ಆಡೋಣ ಅಂತಲೇ ಹೋದೆ. ಕೂರಿಸಿ ಒಂದು ಲೋಟ ಕೊಟ್ರು. ಕಟ್ಕೊಂಡ ದಿನದಿಂದ ನೋಡ್ತಾ ಇದೀನಿ, ತಿಮ್ಮಕ್ಕ ಅಷ್ಟು ತಣ್ಣಗಿದ್ದಿದ್ದು ಅವತ್ತೇ!"

ಧರ್ಮ ಅಲ್ಲಿಗೆ ಮುಗಿಯಿತು. ಆದರೂ ಅಕ್ಕಯಮ್ಮ ತಡೆದುಕೊಳ್ಳುತ್ತಿದ್ದಳೇನೋ, ಆ ಬೀಗರೂಟವೊಂದು ನಡೆಯದೇ ಇದ್ದಿದ್ದರೆ. ಅವರ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ದೊಡ್ಡಡುಗೆ ಆದರೂ, ಸಾರು ಇಳಿಸುವ ಮುಂಚೆ ಭಟ್ಟ ಸೌಟನ್ನು ಅಕ್ಕಯಮ್ಮನ ಅಂಗೈಗೆ ಬಗ್ಗಿಸುವುದು ಪದ್ಧತಿ. ಅವಳು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ" ಎನ್ನಬೇಕು. (ಉಪ್ಪು ಸರಿಯಿದ್ದರೂ ಎನ್ನಬೇಕು. ಇಲ್ಲವಾದರೆ ಹಿರಿಸೊಸೆ ಎನ್ನುವುದಕ್ಕೆ ಗುರುತೇನು?) ಆವತ್ತು ಭಟ್ಟ ಯಲ್ಲಪ್ಪ ಸೌಟು ಹಿಡಿದು ಬಂದ. ಅಕ್ಕಯಮ್ಮ ಅಂಗೈ ಚಾಚಿದಳು. ಸೌಟು ಅವಳನ್ನು ದಾಟಿಕೊಂಡು ತಿಮ್ಮಕ್ಕನ ಹತ್ತಿರ ಹೋಯಿತು.

"ನೀವೇ ನೋಡಿ ತಿಮ್ಮಕ್ಕೋರೇ. ಜೆ.ಪಿ. ನಗರದೋರೇ ನಿಮ್ ಕೈರುಚಿ ಒಪ್ಪವ್ರೆ!"

ತಿಮ್ಮಕ್ಕ ನೆಕ್ಕಿ, "ಸರಿಯಾಗೈತೆ" ಎಂದುಬಿಟ್ಟಳು. ಇನ್ನೊಂದು ಚಿಟಿಕೆ ಎನ್ನುವಷ್ಟು ವಿದ್ಯೆಯೂ ಅವಳಿಗಿಲ್ಲ! ಅಕ್ಕಯಮ್ಮ ಚಾಚಿದ ಅಂಗೈಯನ್ನು ಮಡಿಸಿ, ಸೊಳ್ಳೆ ಹೊಡೆದಂತೆ ನಟಿಸಿ, ಅನ್ನ ಮುಟ್ಟದೆ ಮನೆಗೆ ಬಂದಳು.

"ಸೌಮ್ಯ, ಹುರುಳಿ ನೆನೆಹಾಕು" ಎಂದಳು ಬಂದವಳೇ.

ಸೊಸೆ ಸೌಮ್ಯ ಮೊಬೈಲಿನಿಂದ ತಲೆ ಎತ್ತಿದಳು. "ಯಾಕತ್ತೆ? ನಾಳೆ ಚಪಾತಿ ಅಂದಿದ್ರಿ?"

"ಬಾರಿಗೆ."

"ಹಾಂ?"

"ಮದ್ರಾಸ್‌ನೋರು ರಸಂ ಕೊಡ್ತಾರಂತೆ. ನಮ್ಮ ಹುರುಳಿಕಟ್ಟಿನ ಸಾರಿನ ಮುಂದೆ ಅದ್ಯಾವ ರಸಂ?"

"ಅಲ್ಲ ಅತ್ತೆ, ಹೆಂಡದಂಗಡಿ ಥೂ ಅಂತ ಉಗಿದೋರು ನೀವೇ ಅಲ್ವಾ?"

"ಉಗಿದಿದ್ದು ಪಾನಕದ ವಿಷಯಕ್ಕೆ. ಪಾನಕಕ್ಕೆ ದೇವ್ರು ಅವ್ನೆ. ಸಾರಿಗೆ ಯಾವ ದೇವ್ರು? ಏಳು, ಕಲ್ಲು ಆರಿಸು."

ಮಾರನೇ ದಿನ ಅಡುಗೆಮನೆಯಲ್ಲಿ ನಡೆದದ್ದು ಅಡುಗೆಯಲ್ಲ, ಯಾಗ. ಹುರುಳಿಯನ್ನು ಮಡಕೆಯಲ್ಲಿ ಹದವಾಗಿ ಬೇಯಿಸಿ, ಬಸಿದು, ಕಂದು ಬಣ್ಣದ ಆ ಕಟ್ಟನ್ನು ಬೇರೆ ಪಾತ್ರೆಗೆ ಇಳಿಸಿದಳು. ಬ್ಯಾಡಗಿ ಮೆಣಸಿನಕಾಯಿ, ಧನಿಯ, ಕಾಳುಮೆಣಸು ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿದು, ಮಿಕ್ಸಿಯನ್ನು ಮೂಲೆಗೆ ತಳ್ಳಿ, ಒರಳಲ್ಲೇ ರುಬ್ಬಿದಳು. ಕೊನೆಗೆ ಹುಣಸೆಹಣ್ಣಿನ ಡಬ್ಬಿಗೆ ಕೈಹಾಕಿದಾಗ ಮಾತ್ರ ಕೈಗಿಂತ ಹೊಟ್ಟೆಕಿಚ್ಚು ಮುಂದಾಯಿತು. ತಿಮ್ಮಕ್ಕನದು ಸಿಹಿ. ಸಿಹಿಯನ್ನು ಇರುವೆಯೂ ಬಲ್ಲದು. ಹುಳಿಯನ್ನು ಹಿಡಿತಕ್ಕೆ ತರುವುದು ಕೈ ಪಳಗಿದವರ ಆಸ್ತಿ! ಹಾಗಂದುಕೊಂಡು ಕಪ್ಪಗಾಗಿದ್ದ ಹಳೇ ಹುಣಸೆಹಣ್ಣನ್ನು ನಿಂಬೆಗಾತ್ರ ಹಾಕುವಲ್ಲಿ ತೆಂಗಿನಕಾಯಿಗಾತ್ರ ಕಿವುಚಿದಳು. ಸಾಲದೆಂದು ಮೇಲೆ ನಿಂಬೆಯನ್ನೂ ಹಿಂಡಿದಳು.

ಸೌಮ್ಯ ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೀರು ಸುರಿಸಿದಳು. "ಅತ್ತೆ, ಹುಳಿ..."

"ನಿಂಗೇನು ಗೊತ್ತು? ಜೊತೆಗೆ ಅವರದ್ದು ಬೆರೆಸ್ತಾರಲ್ಲ, ಸರಿಹೋಯ್ತದೆ."

ಅಜ್ಜಿ ಮನಸ್ಸು ಬದಲಿಸಿದ ಸುದ್ದಿ ಕೇಳಿ ಮಧ್ಯಾಹ್ನ ದೀಪಕ್ ಆಟೋ ತಂದ. ಅಕ್ಕಯಮ್ಮ ಸಾರಿನ ಕ್ಯಾರಿಯರನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಜೆ.ಪಿ. ನಗರಕ್ಕೆ ದಿಗ್ವಿಜಯಕ್ಕೆ ಹೊರಟಳು. ಬಾರಿನ ಬಾಗಿಲು ಇನ್ನೂ ಗಿರಾಕಿಗಳಿಗೆ ತೆರೆದಿರಲಿಲ್ಲ. ಒಡತಿ ಅಂಜನಾ ಮೇಡಂ ಬೆಳಿಗ್ಗೆಯಿಂದ ವೀಳ್ಯದೆಲೆ ಜಿನ್ನು, ರಾಗಿ ವಿಸ್ಕಿ, ನನ್ನಾರಿ ರಮ್ಮು ಎಂದು ಹೊಸಹೊಸದನ್ನು ರುಚಿ ನೋಡಿ ನೋಡಿ, ಅಕ್ಕಯಮ್ಮನಿಗೆ ಕೈಮುಗಿಯಲು ಹೋಗಿ ಪಕ್ಕದ ಕಂಬಕ್ಕೆ ಮುಗಿದಳು.

ದೀಪಕ್ ಹುರುಳಿಕಟ್ಟಿಗೆ ವೋಡ್ಕಾ ಸೇರಿಸಿ, ಐಸು ಹಾಕಿ, ದೇವರು ಮೈಮೇಲೆ ಬಂದವನಂತೆ ಕುಲುಕಿ ಲೋಟಕ್ಕೆ ಸುರಿದ. ಮೇಡಂ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಪೂರ್ತಿ ಕುಡಿದಳು. ಅರೆ ಮುಚ್ಚಿದ್ದ ರೆಪ್ಪೆ ಮೇಲೇರಿತು. ವಾಲಿದ್ದ ಬೆನ್ನು ನೆಟ್ಟಗಾಯಿತು. ಗಡಿಯಾರ ನೋಡಿ, "ಅಯ್ಯೋ, ಆಡಿಟರ್‌ಗೆ ಫೋನ್ ಮಾಡ್ಬೇಕಿತ್ತು!" ಎಂದು ಕಿರುಚಿದಳು. ಆಮೇಲೆ ಅಕ್ಕಯಮ್ಮನ ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ಎಲ್ಲಾ ಒಂದೊಂದೇ ಆಗಿ ಕಾಣ್ತಾ ಇದೆ! ನಮ್ಮ ಬಾರಿಗೆ ಬೇಕಾಗಿದ್ದೇ ಇದು. ನಿಮ್ಮ ಹೆಸರೇ ಇಡ್ತೀವಿ. ಶನಿವಾರ ಶುರು, ನೀವೇ ಬರ್ಬೇಕು" ಎಂದಳು.

ಅಕ್ಕಯಮ್ಮನಿಗೆ ಆಟೋ ಬೇಕಾಗಲಿಲ್ಲ, ತೇಲಿಕೊಂಡೇ ಬರಬಹುದಿತ್ತು. ಹಾಲಿನವನಿಂದ ಹಿಡಿದು ಹೂವಿನವಳವರೆಗೆ ರಸ್ತೆಗೆಲ್ಲ ಸುದ್ದಿ ಹಂಚಿದಳು. ತಿಮ್ಮಕ್ಕನ ಬಾಗಿಲಿಗೆ ತಾನೇ ಹೋಗಿ, "ನೀನೂ ಬಾರೇ. ನಮ್ಮನೆ ಸಾರನ್ನ ನಾಕು ಜನ ಹೆಂಗ್ ಕುಡೀತಾರೆ ಅಂತ ಕಣ್ತುಂಬ ನೋಡು" ಎಂದು ಕರೆದಳು.

"ಬರ್ದೆ ಇರ್ತೀನಾ ಅಕ್ಕ? ನಿಮ್ ಹೆಸರು ಬಂದ್ರೆ ನಮ್ಮನೆ ಹೆಸರು ಬಂದಂಗಲ್ವಾ?" ಎಂದಳು ತಿಮ್ಮಕ್ಕ. ಇಷ್ಟು ಒಳ್ಳೆಯ ಮಾತಾಡಿದರೆ ಹೊಟ್ಟೆ ಉರಿಸಿದ್ದಕ್ಕೆ ತೃಪ್ತಿಯೆಲ್ಲಿ?

ಶನಿವಾರ ಸಂಜೆ ಅಕ್ಕಯಮ್ಮ ಟ್ರಂಕಿನ ರೇಷ್ಮೆ ಸೀರೆ ಉಟ್ಟು, ಸೌಮ್ಯ, ಬೋರಣ್ಣ, ತಿಮ್ಮಕ್ಕನ ಜೊತೆ ಬಾರಿನ ನಡುಮಧ್ಯದ ಮೇಜಿಗೆ ಕೂತಳು. ಕಿವಿ ನಿಮಿರಿಸಿದಳು.

"ಗುರು, ಎರಡು ತಿಮ್ಮಕ್ಕ!"

"ನಮಗೆ ಇನ್ನೊಂದು ತಿಮ್ಮಕ್ಕ, ಬೆಲ್ಲ ಜಾಸ್ತಿ!"

"ಮಗಾ, ಸಖತ್ತಾಗಿದಾಳೆ ತಿಮ್ಮಕ್ಕ!"

ಯಾವ ಮೇಜಿನಿಂದಲೂ ಅಕ್ಕಯಮ್ಮನ ಸದ್ದಿಲ್ಲ. ತಿಮ್ಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಾಚುತ್ತಿದ್ದಳು. ಬೋರಣ್ಣ ತನ್ನ ಹೆಂಡತಿಯನ್ನು ಒಂದಾದಮೇಲೊಂದು ಲೋಟ ಖಾಲಿ ಮಾಡಿ, ಎದುರಿಗಿದ್ದ ಅಸಲಿ ಹೆಂಡತಿಗೆ "ಮೇಡಂ, ನೀವು ಎಲ್ಲಿಯವರು?" ಎಂದು ವಿಚಾರಿಸುತ್ತಿದ್ದ. ಅಕ್ಕಯಮ್ಮ ರೇಷ್ಮೆ ಸೆರಗು ಕೊಡವಿ, ಕಿವಿಯನ್ನು ಇನ್ನೊಂದು ಮೇಜಿನತ್ತ ತಿರುಗಿಸಿದಳು.

ಅಷ್ಟರಲ್ಲಿ ಮೂಲೆಯ ಮೇಜಿನಲ್ಲಿ ಒಬ್ಬ ಯುವಕ ದಡಾರನೆ ಮೇಜಿಗೆ ಹಣೆ ಹಚ್ಚಿದ. ಅವನ ಗೆಳೆಯ ಎದ್ದು ಕೂಗಿದ: "ಬೇಗ ಬೇಗ! ಒಂದು ಅಕ್ಕಯಮ್ಮ ತನ್ನಿ! ಇವ್ನು ವಾಂತಿ ಮಾಡ್ಕೋತಾನೆ!"

ಅಕ್ಕಯಮ್ಮ ಕುರ್ಚಿಯಿಂದ ಅರ್ಧ ಎದ್ದಳು. ತನ್ನನ್ನೇ ಕರೆದರೇನೋ ಎನ್ನಿಸಿತ್ತು. ಆದರೆ ದೀಪಕ್ ಸ್ಟೀಲ್ ಲೋಟವೊಂದನ್ನು ಹಿಡಿದು ಓಡಿದ. ತುಳಸಿಯಿಲ್ಲ, ಐಸಿಲ್ಲ, ಗಾಜೂ ಇಲ್ಲ. ಗೆಳೆಯರು ಯುವಕನ ಮೂಗು ಹಿಡಿದು ಬಾಯಿಗೆ ಹೊಯ್ದರು. ಅವನು ಬೆಚ್ಚಿಬಿದ್ದು, ಕಣ್ಣುಬಿಟ್ಟು, ಕೂದಲು ಸರಿಮಾಡಿಕೊಂಡು, ಎದ್ದು ನೆಟ್ಟಗೆ ಬಾಗಿಲಿಗೆ ನಡೆದ.

"ಇದೇನೋ ದೀಪಕ್ಕಾ?" ಅಕ್ಕಯಮ್ಮನ ದನಿ ಕ್ಷೀಣವಾಗಿತ್ತು.

"ಸೂಪರ್ ಹಿಟ್ ಅಜ್ಜಿ!" ದೀಪಕ್‌ನ ಮುಖ ಅರಳಿತ್ತು. "ನಿಮ್ ಹುಳಿಗೆ ವೋಡ್ಕಾ ತಡೀಲಿಲ್ಲ. ಎಷ್ಟು ಬೆರೆಸಿದ್ರೂ ಏರೋಕ್ ಮುಂಚೆನೇ ಇಳಿದೋಗ್ತಿತ್ತು. ಅದಕ್ಕೇ ಮೇಡಂ ವೋಡ್ಕಾನೇ ತೆಗ್ಸಿಬಿಟ್ರು. ಮನೆಗೆ ಹೊರಡೋರಿಗೆಲ್ಲ ಒಂದೊಂದು ಲೋಟ ಅಕ್ಕಯಮ್ಮ ಫ್ರೀ!"

"ಫ್ರೀ" ಎನ್ನುವ ಮಾತು ಅಕ್ಕಯಮ್ಮನ ಎದೆಗೆ ಒನಕೆಯ ಹಾಗೆ ಬಿತ್ತು. ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಕುಡಿದವನಿಗೆ ಹುಣಸೆಹುಳಿ ಕಲಸಿ ಕೊಡುತ್ತಾರೆಂದು. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅವಳಿಗೆ ಅದೊಂದು ಕಾಣಲಿಲ್ಲ. ಸೌಮ್ಯ ನಗು ತಡೆಯಲಾರದೆ ಮೇಜಿನ ಕೆಳಗೆ ಚಪ್ಪಲಿ ಹುಡುಕತೊಡಗಿದಳು.

ತಿಮ್ಮಕ್ಕ ಮೆಲ್ಲಗೆ ಅಕ್ಕಯಮ್ಮನ ಮೊಣಕೈ ಹಿಡಿದಳು. ಅವಳ ಕಣ್ಣಿನಲ್ಲಿ ನಿಜವಾದ ಮರುಕವಿತ್ತು, ಅದೇ ಸಹಿಸಲಾಗದ್ದು. "ಬಿಡಿ ಅಕ್ಕ, ಬ್ಯಾಸರ ಮಾಡ್ಕೋಬ್ಯಾಡಿ. ನನ್ನನ್ನ ಎಷ್ಟು ಕುಡಿದ್ರೂ, ಕೊನೇಗೆ ನಿಮ್ಮನ್ನ ಕುಡೀದೆ ಯಾರೂ ಮನೆ ಸೇರೋ ಹಂಗಿಲ್ಲ. ಹಿರಿಸೊಸೆ ಅಂದ್ರೆ ಸುಮ್ನೆನಾ?"

ಅಕ್ಕಯಮ್ಮ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಬೋರಣ್ಣನ ಕಡೆ ದಿಟ್ಟಿಸಿದಳು. ಅದೇ ಹೊತ್ತಿಗೆ ದೀಪಕ್ ಇನ್ನೊಂದು ಸ್ಟೀಲ್ ಲೋಟ ತಂದು ತೂರಾಡುತ್ತಿದ್ದ ಬೋರಣ್ಣನ ಮುಂದಿಟ್ಟ.

ಬೋರಣ್ಣ ಲೋಟವನ್ನು ನೋಡಿದ. ಅತ್ತಿಗೆಯ ಮುಖವನ್ನು ನೋಡಿದ. ತಟ್ಟನೆ ಬೆನ್ನು ನೆಟ್ಟಗೆ ಮಾಡಿ, ಲೋಟವನ್ನು ಆಚೆ ಸರಿಸಿದ.

"ಬ್ಯಾಡ ಕಣಪ್ಪ, ತಗೊಂಡೋಗು. ಆಗ್ಲೇ ಇಳಿದೋಯ್ತು."