ಕುರ್ಚಿಯ ಸಿನಿಮಾ, ಕಿಟಕಿಯ ಸೀಟು

ಕೆಲವರಿಗೆ ನೆಗಡಿ ಬೇಗ ತಗಲುತ್ತದೆ, ನನಗೆ ಸಿನಿಮಾ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೊಲೀಸರ ಸಿನಿಮಾ ನೋಡಿ ಬಂದ ವಾರ ನಾನು ನಮ್ಮ ಬಿಲ್ಡಿಂಗಿನ ವಾಚ್‌ಮನ್ನನ್ನು ಕಣ್ಣು ಕಿರಿದು ಮಾಡಿಕೊಂಡು ವಿಚಾರಿಸುತ್ತಿದ್ದೆ. ಅವನು ಪಾಪ, ನನ್ನ ಕಣ್ಣಿಗೆ ಏನೋ ಆಗಿದೆ ಎಂದುಕೊಂಡು ಗುಲಾಬಿ ನೀರು ಹಾಕಿಕೊಳ್ಳಲು ಹೇಳಿದ. ಹಾಡುಗಾರನ ಸಿನಿಮಾ ನೋಡಿದಾಗ ಬಚ್ಚಲುಮನೆಯಿಂದ ನಾನು ಹೊರಗೆ ಬರುವುದೇ ಕಷ್ಟವಾಗಿತ್ತು. ದಹಿಸರಿನ ನಮ್ಮ ಮನೆಯಲ್ಲಿ ನೀರು ಬರುವುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತನ್ನು ನಾನು ಆಲಾಪಕ್ಕೆ ಬಳಸಿದ್ದರಿಂದ ಮಗಳು ಸ್ನೇಹಾ ಎರಡು ದಿನ ಆಫೀಸಿಗೆ ತಡವಾಗಿ ಹೋದಳು. ನನ್ನ ಹೆಂಡತಿ ಸರೋಜಾಳ ಪ್ರಕಾರ ದೋಷ ಸಿನಿಮಾದ್ದಲ್ಲ. "ನಿಮ್ಮ ಒಳಗ ಮದಲ ಇರತದ್ರೀ. ಸಿನಿಮಾ ಬರೇ ಬಾಗಿಲಾ ತಗೀತದ" ಎನ್ನುತ್ತಾಳೆ ಅವಳು.

ಈ ಸಲ ಬಾಗಿಲು ತೆಗೆದದ್ದು ಒಬ್ಬ ಉದ್ಯಮಿಯ ಕುರಿತಾದ ಹಿಂದಿ ಸಿನಿಮಾ. ಸ್ನೇಹಾ ಕೆಲಸ ಮಾಡುವುದು ಗೋರೆಗಾಂವಿನಲ್ಲಿ. ಅಲ್ಲಿನ ಮಾಲ್‌ನಲ್ಲಿ ರವಿವಾರಕ್ಕೆ ಮೂರು ಟಿಕೆಟ್ ತೆಗೆಸಿದ್ದಳು. "ಪಪ್ಪಾ, ಇದು ಮಸ್ತ್ ಇದೆ, ಕ್ಯಾಪಿಟಲಿಸಮ್‌ನ ಮೊರ್ಯಾಲಿಟಿ ಮೇಲೆ ಇದೆ" ಎಂದು ತನ್ನ ಕನ್ನಡದಲ್ಲಿ ವಿವರಿಸಿದಳು. ಬಾಗಿಲಲ್ಲೇ ಸೆಕ್ಯುರಿಟಿಯವರು ಸರೋಜಾಳ ಪರ್ಸ್ ತೆಗೆಸಿ, ಅವಳು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಚಕ್ಕುಲಿಗಳನ್ನು ಹೊರಗೆ ಇಡಿಸಿದರು. ಹೊರಗಿನ ತಿಂಡಿ ಒಳಗೆ ನಡೆಯುವುದಿಲ್ಲವಂತೆ. ಒಳಗೆ ಪಾಪ್‌ಕಾರ್ನಿನ ಬೆಲೆ ನೋಡಿ ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದೆ. ಬೆಲೆ ಬದಲಾಗಲಿಲ್ಲ. ಸಿನಿಮಾ ಶುರುವಾಗುವ ಮೊದಲೇ ನನಗೆ ಅದರ ಅರ್ಧ ವಿಷಯ ತಿಳಿದಿತ್ತು.

ಉಳಿದರ್ಧ ಹೀಗಿತ್ತು. ಹೀರೋ ಒಂದು ಸಣ್ಣ ಊರಿನ ಬಡವ. ಮುಂಬಯಿಗೆ ಬಂದಾಗ ಅವನಿಗೆ ಕೂರಲು ಜಾಗ ಕೊಟ್ಟವನು ಮದುವೆ ಮಂಟಪಗಳಿಗೆ ಕುರ್ಚಿ ಬಾಡಿಗೆ ಕೊಡುವ ಒಬ್ಬ ಮನುಷ್ಯ. ಇಬ್ಬರೂ ಪಾರ್ಟ್‌ನರ್ ಆಗುತ್ತಾರೆ, ತಲೆಯ ಮೇಲೆ ಕಬ್ಬಿಣದ ಕುರ್ಚಿ ಹೊತ್ತು ಹಾಡುತ್ತಾರೆ. ಆಮೇಲೆ ಹೀರೋ ಪ್ಲಾಸ್ಟಿಕ್ ಕುರ್ಚಿಯ ಕಾರ್ಖಾನೆ ತೆಗೆಯುತ್ತಾನೆ. ಸಣ್ಣಪುಟ್ಟ ಕಾರ್ಖಾನೆಗಳನ್ನು ಮುಚ್ಚಿಸುತ್ತಾನೆ, ಅಧಿಕಾರಿಗಳನ್ನು ಕೊಂಡುಕೊಳ್ಳುತ್ತಾನೆ, ಇಂಟರ್ವಲ್ಲಿಗೆ ಸರಿಯಾಗಿ ಆ ಪಾರ್ಟ್‌ನರನನ್ನು ಕಂಪನಿಯಿಂದ ಹೊರಗೆ ಹಾಕುತ್ತಾನೆ. ಆಗ ಹೇಳುವ ಡೈಲಾಗ್: "ಖಡೇ ರೆಹನೇವಾಲೋಂ ಕಾ ಹಿಸಾಬ್ ಕೋಯೀ ನಹೀಂ ರಖ್‌ತಾ." ನಿಂತೇ ಇರುವವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ನನಗೆ ಮೈ ಜುಮ್ಮೆಂದಿತು. ಕೊನೆಗೆ ವಿಚಾರಣೆ ಸಮಿತಿಯ ಎದುರು ಹೀರೋ ಕುರ್ಚಿಯಿಂದ ಎದ್ದು, ತಪ್ಪು ಮಾಡಿದ್ದು ನಿಜ, ಆದರೆ ಇಡೀ ದೇಶವನ್ನು ಕೂರಿಸಿದವನು ನಾನು ಎಂದು ಭಾಷಣ ಮಾಡುತ್ತಾನೆ. ಥಿಯೇಟರಿನಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಸರೋಜಾ ತಟ್ಟಲಿಲ್ಲ. ದುಡ್ಡು ಕೊಟ್ಟ ಪಾಪ್‌ಕಾರ್ನ್ ಬಿಡಬಾರದೆಂದು ಅವಳ ಎರಡೂ ಕೈ ಡಬ್ಬಿಯಲ್ಲಿದ್ದವು.

ರಿಕ್ಷಾದಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಲ್ರೀ, ಆ ಪಾರ್ಟ್‌ನರ್ ಮುಂದ ಏನಾದಾ?"

"ಸಿನಿಮಾ ಅವನ ಮ್ಯಾಲೆ ಇಲ್ಲ ಸರೋಜಾ."

"ಅಂವಾ ಕೂಡ್ರಿಸಿಕೊಂಡಿದ್ದಕ್ಕ ಇಂವಾ ಕೂತಾ. ಇಂಟರ್ವಲ್ ಆದಮ್ಯಾಲೆ ಅವನ ಸುದ್ದೀನ ಇಲ್ಲ. ಹಿಂಗ ಎಲ್ಯರೆ ಇರತದೇನು?"

ಬಂಡವಾಳ, ಸಾಹಸ, ಮಹತ್ವಾಕಾಂಕ್ಷೆ ಇತ್ಯಾದಿಗಳ ಬಗ್ಗೆ ನಾನು ದಹಿಸರ್ ಚೆಕ್‌ನಾಕಾ ಬರುವವರೆಗೂ ಅವಳಿಗೆ ತಿಳಿಹೇಳಿದೆ. ಅವಳು ಚಕ್ಕುಲಿ ಮರಳಿ ಸಿಕ್ಕ ಸಂತೋಷದಲ್ಲಿದ್ದಳು.

ಇನ್ನು ನಮ್ಮ ಲೋಕಲ್ ಗಾಡಿಯ ವಿಷಯ ಹೇಳಬೇಕು. ಧಾರವಾಡ ಬಿಟ್ಟು ಬಂದಾಗಿನಿಂದ ನಾನು ದಹಿಸರಿನಿಂದ ಲೋವರ್ ಪರೇಲಿಗೆ ಹೋಗಿ ಬರುತ್ತಿದ್ದೇನೆ. ಹಳೆಯ ಮಿಲ್ಲಿನ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ ನನ್ನ ಆಫೀಸು. ನನ್ನ ಜೊತೆ ಇಬ್ಬರು. ಒಬ್ಬರು ಶೆಟ್ಟರು, ಉಡುಪಿ ಕಡೆಯವರು, ಪರೇಲಿನಲ್ಲಿ ಒಂದು ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ಬೆಳಗಾವಿಯ ಹಿರೇಮಠರು, ನಮ್ಮಿಬ್ಬರಿಗಿಂತ ಹಿರಿಯರು, ದಾದರಿನ ಒಂದು ಅಂಗಡಿಯಲ್ಲಿ ಶರ್ಟು ಪ್ಯಾಂಟು ಮಾರುತ್ತಾರೆ. ಅಲ್ಲಿ ಗಿರಾಕಿಗಳಿಗೆ ಸ್ಟೂಲ್ ಇದೆ, ಕೆಲಸದವರಿಗೆ ಇಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಇಳಿಸುವವರೆಗೆ ಹಿರೇಮಠರು ನಿಂತೇ ಇರಬೇಕು. ಅವರ ಮೀನಖಂಡದ ನರಗಳು ಹಗ್ಗದ ಹಾಗೆ ಉಬ್ಬಿವೆ. ಡಾಕ್ಟರು ಜಾಸ್ತಿ ನಿಲ್ಲಬೇಡಿ ಎಂದಿದ್ದಾರೆ. ಹಿರೇಮಠರು ಆ ಡಾಕ್ಟರಿಗೇ ಒಂದು ಶರ್ಟು ಮಾರಿ ಬಂದಿದ್ದಾರೆ, ನಿಂತುಕೊಂಡೇ.

ಭಾಯಂದರಿನಿಂದ ಹೊರಡುವ ನಮ್ಮ ಗಾಡಿ ದಹಿಸರಿಗೆ ಬರುವಾಗ ಒಂದೋ ಎರಡೋ ಸೀಟು ಉಳಿದಿರುತ್ತವೆ. ಮೈಯಲ್ಲಿ ಚುರುಕು ಇರುವ ನಾನೋ ಶೆಟ್ಟರೋ ಹಾರಿ ಹಿಡಿಯುತ್ತೇವೆ. ಆದರೆ ದಹಿಸರಿನಲ್ಲಿ ಕೂತವನು ಗೋರೆಗಾಂವಿನಲ್ಲಿ ಏಳಬೇಕು, ನಿಂತವನು ಕೂರಬೇಕು. ಯಾರೂ ಬರೆದಿಟ್ಟ ಕಾನೂನಲ್ಲ ಇದು. ಮುಂಬಯಿಯ ಗಾಡಿಗಳಲ್ಲಿ ಎಷ್ಟೋ ಗುಂಪುಗಳು ಹೀಗೇ ಸೀಟು ಹಂಚಿಕೊಳ್ಳುತ್ತವೆ. ಗೋರೆಗಾಂವ್ ಬಂದ ಕೂಡಲೇ ನಾನು ಎದ್ದು "ಬರ್ರಿ" ಎನ್ನುವುದು, ಹಿರೇಮಠರು ಕೂತು ಮರುಕ್ಷಣವೇ ನಿದ್ದೆ ಹೋಗುವುದು, ಅವರ ಎಣ್ಣೆ ಹಚ್ಚಿದ ತಲೆ ಪಕ್ಕದವನ ಭುಜದ ಮೇಲೆ ಬೀಳುವುದು. ದಾದರಿನವರೆಗಿನ ಆ ಕೂರುವಿಕೆಯೇ ಅವರ ದಿನದ ವಿಶ್ರಾಂತಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಸೋಮವಾರ ನಾನು ಗಾಡಿಯಲ್ಲಿ ಸಿನಿಮಾದ ಕಥೆ ಪೂರ್ತಿ ಹೇಳಿದೆ. "ಅಲ್ಲ ಮಾರಾಯ್ರೆ, ಅಂವ ಕಳ್ಳ ಅಲ್ವಾ?" ಎಂದರು ಶೆಟ್ಟರು. ಕಳ್ಳತನಕ್ಕೂ ಸಾಹಸಕ್ಕೂ ಇರುವ ವ್ಯತ್ಯಾಸವನ್ನು ನಾನು ಕಾಂದಿವಲಿಯವರೆಗೆ ವಿವರಿಸಿದೆ. ಹಿರೇಮಠರು ಮೇಲಿನ ಹಿಡಿಕೆ ಹಿಡಿದು ಎಲ್ಲ ಕೇಳಿಸಿಕೊಂಡು, "ಎಷ್ಟ ತಾಸಿನ ಪಿಚ್ಚರ್ರಿ ಅದು?" ಎಂದರು. ಸುಮಾರು ಮೂರು ತಾಸು ಎಂದೆ. "ಮೂರ ತಾಸ ಕುಂದರಾಕ ಸಿಗತೈತಿ ಅಂದ್ರ ಚಲೋನ ಇರಬೇಕ ಬಿಡ್ರಿ" ಎಂದರು. ನಾನು ನಕ್ಕೆ. ಆದರೂ ಗೋರೆಗಾಂವಿನಲ್ಲಿ ಏಳುವಾಗ ಮನಸ್ಸಿನಲ್ಲಿ ಆ ಡೈಲಾಗ್ ಮೊಳಗಿತು. ಲೆಕ್ಕಕ್ಕಿಲ್ಲದವರ ಸಾಲಿಗೆ ನಾನೇ ದಿನಾ ಹೋಗಿ ಸೇರಿಕೊಳ್ಳುತ್ತಿದ್ದೇನಲ್ಲ ಅನ್ನಿಸಿತು.

ಮಂಗಳವಾರ ಮನೆಯಿಂದ ಬೇಗ ಹೊರಟೆ. ದಹಿಸರಿನಲ್ಲಿ ಉಲ್ಟಾ ದಿಕ್ಕಿನ ಗಾಡಿ ಹಿಡಿದು ಭಾಯಂದರಿಗೆ ಹೋಗಿ, ಖಾಲಿ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತೆ. ಗಾಳಿ ಮುಖಕ್ಕೆ ಬಡಿಯುವ ಸೀಟು ಅದು. ಇದಕ್ಕಾಗಿ ಪಾಸನ್ನು ಭಾಯಂದರಿನವರೆಗೆ ಹೆಚ್ಚಿಸಿಕೊಂಡಿದ್ದೆ. ಬಂಡವಾಳ ಹೂಡುವುದು ಎಂದರೆ ಇದೇ ಅಲ್ಲವೇ? ಇಷ್ಟು ವರ್ಷ ದಹಿಸರಿನಲ್ಲಿದ್ದೂ, ಭಾಯಂದರಿನ ಹಳಿಯ ಪಕ್ಕ ಉಪ್ಪಿನ ಗದ್ದೆಗಳಿವೆ ಎಂಬುದನ್ನು ಅಂದೇ ಸಾವಕಾಶ ನೋಡಿದೆ. ದಹಿಸರಿನಲ್ಲಿ ಹತ್ತಿದ ಇಬ್ಬರೂ ನನ್ನನ್ನು ಕಂಡು ಬೆರಗಾದರು. "ಶಾಬ್ಬಾಸ್ ದೇಸಾಯರ" ಎಂದರು ಹಿರೇಮಠರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ನನಗೆ ಒಂದು ಸೀಟು ಖಾತ್ರಿ ಎಂದರೆ ತಮಗೂ ಖಾತ್ರಿ ಎಂದು ಅವರ ಎಣಿಕೆ.

ಮಲಾಡ್ ದಾಟಿತು. ನನ್ನೊಳಗೆ ವಾದ ನಡೆಯುತ್ತಿತ್ತು. ನಿದ್ದೆ ಬಿಟ್ಟವನು ನಾನು, ಉಲ್ಟಾ ಹೋದವನು ನಾನು, ಪಾಸು ಮಾಡಿಸಿದವನು ನಾನು. ಗೋರೆಗಾಂವಿನಲ್ಲಿ ಏಳುವ ಕಾನೂನು ದಹಿಸರಿನಲ್ಲಿ ಹಿಡಿದ ಸೀಟಿಗೆ ಮಾತ್ರ, ಭಾಯಂದರಿನಲ್ಲಿ ಹಿಡಿದದ್ದಕ್ಕೆ ಅಲ್ಲ. ಇದನ್ನೆಲ್ಲ ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಸಿನಿಮಾದ ಹೀರೋ ಪಾರ್ಟ್‌ನರನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ತಲೆಯನ್ನು ಕಿಟಕಿಯ ಸರಳಿಗೆ ಆನಿಸಿ ಗಾಢನಿದ್ದೆಯಲ್ಲಿದ್ದವನ ಹಾಗೆ ಉಸಿರಾಡಿದೆ.

"ಎಂತ ದೇಸಾಯರೇ, ಗೋರೆಗಾಂವ್ ಬಂತು" ಎಂದರು ಶೆಟ್ಟರು.

"ಇರ್ಲಿ ಬಿಡ್ರಿ, ಎಬ್ಬಿಸಬ್ಯಾಡ್ರಿ" ಎಂದಿತು ಹಿರೇಮಠರ ದನಿ. "ಪಾಪ, ರಾತ್ರಿ ನಿದ್ದಿ ಆಗಿರಾಕಿಲ್ಲ."

ಬೈದಿದ್ದರೆ ಏಳುತ್ತಿದ್ದೆನೇನೋ. ಈ ಮಾತಿನ ನಂತರ ಎದ್ದರೆ ನಿದ್ದೆ ಸುಳ್ಳೆಂದು ಗೊತ್ತಾಗುತ್ತಿತ್ತು. ಹೀಗಾಗಿ ದಾದರಿನವರೆಗೆ ಮಲಗಿಯೇ ಇದ್ದೆ. ನಿದ್ದೆ ಬಾರದವನು ನಿದ್ದೆ ಮಾಡುವಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ. ಮೂಗು ತುರಿಸಿತು, ತುರಿಸಿಕೊಳ್ಳುವ ಹಾಗಿಲ್ಲ. ಒಂದು ರೆಪ್ಪೆಯನ್ನು ಕೊಂಚ ಎತ್ತಿದಾಗ ಕಂಡದ್ದು ಹಿರೇಮಠರ ಕಾಲುಗಳು. ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದವು. ರೆಪ್ಪೆ ಇಳಿಸಿದೆ.

ಬುಧವಾರವೂ ಹಾಗೇ. ಗುರುವಾರ ಭಾಯಂದರಿಗೆ ಹೋಗುವ ಗಾಡಿಯಲ್ಲಿ ನೋಡುತ್ತೇನೆ, ಬಾಗಿಲ ಹತ್ತಿರ ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಶೆಟ್ಟರು ನಿಂತಿದ್ದಾರೆ! "ನಿಮಗೆ ಮಾತ್ರ ಸೀಟು ಬೇಕಾ ಮಾರಾಯ್ರೆ?" ಎಂದರು. ಭಾಯಂದರಿನಲ್ಲಿ ಐವತ್ತು ದಾಟಿದ ನಾವಿಬ್ಬರೂ ಒಂದೇ ಕಿಟಕಿಗಾಗಿ ಓಡಿದೆವು. ಅವರ ಟಿಫಿನ್ ಡಬ್ಬಿ ಮೊದಲು ಸೀಟು ಮುಟ್ಟಿತು. ಪೈಪೋಟಿ ಬಂಡವಾಳಶಾಹಿಯ ಜೀವಾಳ ಎಂದು ಸರೋಜಾಳಿಗೆ ನಾನೇ ಹೇಳಿದ್ದೆ. ಅನುಭವಿಸುವಾಗ ಅದು ಅಷ್ಟು ಸೊಗಸಾಗಿರಲಿಲ್ಲ. ಗೋರೆಗಾಂವ್ ಬಂದಾಗ ಎದುರುಬದುರು ಕೂತ ನಾವಿಬ್ಬರೂ ನಿದ್ದೆಯಲ್ಲಿದ್ದೆವು. ಶೆಟ್ಟರು ಸಣ್ಣಗೆ ಗೊರಕೆಯನ್ನೂ ಸೇರಿಸಿದ್ದರು. ನನಗೆ ಅದು ಹೊಳೆದಿರಲಿಲ್ಲ.

ಶನಿವಾರ ಶೆಟ್ಟರಿಗಿಂತ ಮೊದಲು ನುಗ್ಗಲು ಹೋಗಿ ಭಾಯಂದರಿನ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಪಾದ ಹೊರಳಿತು. ರವಿವಾರ ಅರಿಶಿನದ ಪಟ್ಟು ಹಾಕುತ್ತ ಸರೋಜಾ ಎಲ್ಲ ಬಾಯಿಬಿಡಿಸಿದಳು. ಬೈಯಲಿಲ್ಲ. "ಅಂದ್ರ ಆ ಪಾರ್ಟ್‌ನರ್ ಏನಾದಾ ಅಂತ ಈಗ ತಿಳೀತು ಬಿಡ್ರಿ. ದಾದರಿನ್ಯಾಗ ಶರ್ಟ್ ಮಾರಲಿಕತ್ತಾನ" ಎಂದಳು ಅಷ್ಟೇ. ಪಾದಕ್ಕಿಂತ ಹೆಚ್ಚು ನೋವಾದದ್ದು ಅದು.

ಸೋಮವಾರ ಭಾಯಂದರಿಗೆ ಹೋಗುವ ಶಕ್ತಿ ಇರಲಿಲ್ಲ. ಕುಂಟುತ್ತ ದಹಿಸರಿನಲ್ಲೇ ಹತ್ತಿದೆ. ಕಿಟಕಿಯಲ್ಲಿ ಶೆಟ್ಟರು, ಕಣ್ಣು ಅದಾಗಲೇ ಮುಚ್ಚಿತ್ತು. ಅಂದು ಹಿರೇಮಠರಿಗೆ ಅಪರೂಪಕ್ಕೆ ನಾಲ್ಕನೆಯ ಜಾಗ ಸಿಕ್ಕಿತ್ತು. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಮೈ ಊರಿ, ಉಳಿದರ್ಧ ಗಾಳಿಯಲ್ಲಿಟ್ಟು ಕೂರುವ ಜಾಗ ಅದು. ನಾನು ಅವರ ಎದುರು ಬರದಂತೆ ಬೆನ್ನು ತಿರುಗಿಸಿ ನಿಂತೆ. ಬೋರಿವಲಿಯ ಜನ ನುಗ್ಗಿದಾಗ ಯಾರೋ ನನ್ನ ಪಾದ ತುಳಿದರು, ಕಣ್ಣಲ್ಲಿ ನೀರು ಬಂತು. ಗೋರೆಗಾಂವಿನಲ್ಲಿ ಯಾರೋ ಭುಜ ತಟ್ಟಿದರು.

"ಗೋರೆಗಾಂವ್ ಬಂತು. ಬರ್ರಿ, ಕುಂದರ್ರಿ" ಎಂದು ಹಿರೇಮಠರು ಎದ್ದು ನಿಂತಿದ್ದರು.

ಬೇಡ ಎಂದೆ. ಅವರು ಭುಜ ಹಿಡಿದು ಕೂರಿಸಿಯೇ ಬಿಟ್ಟರು. "ಇವತ್ತರೆ ಆರಾಮ ನಿದ್ದಿ ಮಾಡ್ರಿ ದೇಸಾಯರ" ಎಂದು ಬಗ್ಗಿ, ಬೇರೆಯವರಿಗೆ ಕೇಳದಂತೆ ಹೇಳಿದರು. "ಖರೇ ನಿದ್ದಿ ಬಂದಾವರ ಬಾಯಿ ತೆರಕೊಂಡಿರತೈತ್ರಿ. ನಿಮ್ಮದು ಹೋದ ವಾರ ಮುಚ್ಚಿತ್ತು."

ಕಿಟಕಿಯಲ್ಲಿ ಶೆಟ್ಟರ ಗೊರಕೆ ಥಟ್ಟನೆ ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿನಿಮಾದ ಹೀರೋ ಕೊನೆಯಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಂಡು ಚಪ್ಪಾಳೆ ಗಿಟ್ಟಿಸಿದ್ದ. ನನಗೆ ಪಾದ ಊದಿದ್ದರಿಂದ ಏಳುವುದಕ್ಕೂ ಆಗಲಿಲ್ಲ. ಕೂತಲ್ಲೇ "ತಪ್ಪಾತ್ರಿ ಹಿರೇಮಠರ" ಎಂದೆ. ಗಾಡಿಯ ಸದ್ದಿನಲ್ಲಿ ಅವರಿಗೆ ಅದು ಕೇಳಿತೋ ಇಲ್ಲವೋ. ದಾದರಿನಲ್ಲಿ ಅವರು ಇಳಿದು, ದಿನವಿಡೀ ನಿಲ್ಲುವುದಕ್ಕೆ ನಡೆದು ಹೋದರು.

ಈಗ ಪಾದ ವಾಸಿಯಾಗಿದೆ. ಹೆಚ್ಚಿಸಿಕೊಂಡ ಪಾಸು ವ್ಯರ್ಥವಾಗಬಾರದೆಂದು ನಾನೂ ಶೆಟ್ಟರೂ ಪಾಳಿಯ ಮೇಲೆ ಭಾಯಂದರಿಗೆ ಹೋಗಿ ಸೀಟು ಹಿಡಿದು ತರುತ್ತೇವೆ. ಮೊದಲ ದಿನ ಪಶ್ಚಾತ್ತಾಪದ ಉಮೇದಿನಲ್ಲಿ ನಾನು ಮಲಾಡಿನಲ್ಲೇ ಎದ್ದೆ. "ಇನ್ನೂ ಗೋರೆಗಾಂವ್ ಬಂದಿಲ್ರಿ, ಕುಂದರ್ರಿ. ನಿಮ್ಮ ಪಾಳಿ ಮುಗಿದಿಲ್ಲ" ಎಂದು ಹಿರೇಮಠರು ಮತ್ತೆ ಕೂರಿಸಿದರು. ಆ ಒಂದು ಸ್ಟೇಷನ್ನಿನ ದೂರ ಕೂತು ಕಳೆಯುವುದರೊಳಗೆ ನಾನು ಬೆವೆತುಹೋದೆ. ಗೋರೆಗಾಂವ್ ಬಂತು, ಅವರು ಕೂತರು, ತಲೆ ಪಕ್ಕದವನ ಭುಜಕ್ಕೆ ಬಿತ್ತು. ಬಗ್ಗಿ ನೋಡಿದೆ, ಬಾಯಿ ಅಗಲವಾಗಿ ತೆರೆದಿತ್ತು. ಮನಸ್ಸಿಗೆ ಸಮಾಧಾನವಾಯಿತು. ಇನ್ನು ಮೇಲೆ ನಾನು ಸುಧಾರಿಸಿದ ಮನುಷ್ಯ ಎಂದುಕೊಳ್ಳುತ್ತ ಹಿಡಿಕೆ ಹಿಡಿದು ನಿಂತೆ. ಎದುರಿನ ಬೆಂಚಿನಲ್ಲಿ ಮುಂದೆ ಅಂಧೇರಿಗೆ ಇಳಿದು ಸೀಟು ಖಾಲಿ ಮಾಡುವವರು ಯಾರಿರಬಹುದೆಂದು ಅಷ್ಟರಲ್ಲೇ ನನ್ನ ಕಣ್ಣು ಹುಡುಕತೊಡಗಿತ್ತು.