ಫಕ್ಕೀರಪ್ಪನವರ ಹೊಟ್ಟೆಯಲ್ಲಿ ಕಂಡ ಕಪ್ಪು

ಮಂಚದ ಪಕ್ಕದಲ್ಲೇ ಹೊಟ್ಟೆಯ ಸ್ಕ್ಯಾನ್ ಮಾಡುವ ಪುಟ್ಟ ಯಂತ್ರವೊಂದು ನಮ್ಮ ತಾಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಾಗ, ಅದನ್ನು ಮುಟ್ಟುವ ಅಧಿಕಾರ ಇದ್ದದ್ದು ಡಾಕ್ಟರಾದ ನನಗೊಬ್ಬಳಿಗೇ. ಮೂರು ದಿನದ ತರಬೇತಿ ಮುಗಿಸಿ ಬಂದಿದ್ದೆ! ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಮಲಗಿದವರ ಕಣ್ಣಿಗೆ ನೇರವಾಗಿ ಬೀಳುವಂತೆ ಗೋಡೆಗೆ ತೂಗುಹಾಕಿದ್ದೆ. ರೋಗಿಗೆ ಧೈರ್ಯ ಬರಲಿ ಎಂಬ ಸದುದ್ದೇಶ, ಅಷ್ಟೇ.

ಮೊದಲ ಭಾಗ್ಯ ಮೊರಬದ ಫಕ್ಕೀರಪ್ಪನವರದು. ಮೊಮ್ಮಗಳಿಗೆ ಹೆಸರಿಡುವ ದಿನ ಬೀಗರು ಕಲಘಟಗಿಯಿಂದ ಬಣ್ಣದ ತೊಟ್ಟಿಲು ತಂದಿದ್ದರು. ಬೀಗರ ಕೈಯಲ್ಲಿ ಇಳಿಸಿದರೆ ಮರ್ಯಾದೆಯಲ್ಲವೆಂದು ಇವರೇ ಟೆಂಪೊ ಹತ್ತಿ, ತೊಟ್ಟಿಲನ್ನು ತಬ್ಬಿಕೊಂಡೇ ಕೆಳಗೆ ಬಿದ್ದಿದ್ದರು. ಜೊತೆಗೆ ಬಂದ ಹದಿನೈದು ಮಂದಿ ನನಗೆ ಮೊದಲು ಹೇಳಿದ್ದು, "ತೊಟ್ಟಿಲಕ್ಕ ಏನೂ ಆಗಿಲ್ರಿ!"

"ಹೊಟ್ಟಿಗೆ ಪೆಟ್ಟು ಬಿದ್ದೈತಿ. ಏನರ ತಿನ್ಸೀರೇನ್ರಿ?" ಎಂದು ಕೇಳಿದೆ.

"ಛೇ, ಇಲ್ರಿ ಬಾಯಾರ," ಎಂದರು ಬೀಗರು. "ಬರೇ ಕುಡಿಸೇವ್ರಿ. ಎರಡು ಎಳನೀರು, ಒಂದು ತಂಬಿಗಿ ಮಜ್ಜಿಗಿ, ದಾರ್ಯಾಗ ಎರಡು ಸೋಡಾ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಫಕ್ಕೀರಪ್ಪನವರು ಬೆವರುತ್ತಿದ್ದರು, ನಾಡಿ ಓಡುತ್ತಿತ್ತು. ಒಳಗೆ ರಕ್ತ ಸೋರುತ್ತಿದ್ದರೆ ತಕ್ಷಣ ಹುಬ್ಬಳ್ಳಿಗೆ ಕಳಿಸಬೇಕು. ತಡವಾದರೆ ಜೀವ ಹೋಗುತ್ತದೆ. ಗಾಂಭೀರ್ಯದಿಂದ ಜೆಲ್ ಸುರಿದು ಸ್ಕ್ಯಾನ್ ಶುರುಮಾಡಿದೆ. ಕಿಬ್ಬೊಟ್ಟೆಗೆ ಬರುತ್ತಲೇ ಪರದೆಯ ತುಂಬ ಕಪ್ಪು! ತರಬೇತಿಯಲ್ಲಿ ಹೇಳಿದ್ದರು, ರಕ್ತ ಕಪ್ಪಗೆ ಕಾಣುತ್ತದೆ ಎಂದು. ಖಾತ್ರಿಗೆ ಒಮ್ಮೆ ಒತ್ತಿದೆ. ಫಕ್ಕೀರಪ್ಪನವರು "ಯವ್ವಾ!" ಎಂದು ಕಿರುಚಿದರು. ಖಾತ್ರಿಯಾಯಿತು!

"ಹೊಟ್ಟ್ಯಾಗ ರಕ್ತ ತುಂಬೈತಿ! ಆಂಬುಲೆನ್ಸ್ ಕರೀರಿ!"

ಬೀಗಿತಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ರಕ್ತ ಕೊಡುತ್ತೇವೆಂದು ಎಂಟು ಗಂಡಸರು ತೋಳು ಮಡಚಿ ಸಾಲಾಗಿ ನಿಂತರು.

"ಬಾಯಾರ, ಎರಡು ನಿಮಿಷ ನನ್ನ ಎಬ್ಬಸ್ರಿ," ಎಂದರು ಫಕ್ಕೀರಪ್ಪ.

"ಅಲ್ಲಾಡಬ್ಯಾಡ್ರಿ! ಜೀವಕ್ಕ ಅಪಾಯ ಐತಿ!"

"ಹಂಗಾದ್ರ ಇವರನ್ನೆಲ್ಲ ಹೊರಗರ ಕಳಸ್ರಿ."

ಬೀಗರು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಇಂಥಾ ಹೊತ್ತಿನ್ಯಾಗ ನಿಮ್ಮನ್ನ ಬಿಟ್ಟು ನಾ ಎಲ್ಲೂ ಹೋಗೂದಿಲ್ರಿ ಬೀಗ್ರ!"

ಫಕ್ಕೀರಪ್ಪನವರು ಕಣ್ಣು ಮುಚ್ಚಿದರು. ಹೋದರೇ ಬಿಟ್ಟರೆಂದು ನಾನು ನಾಡಿ ಹಿಡಿದೆ.

ನಮ್ಮ ಹಿರಿಯ ನರ್ಸ್ ಶಾಂತವ್ವ ಪರದೆಯನ್ನೇ ನೋಡುತ್ತಿದ್ದವರು ಮೆಲ್ಲಗೆ ಅಂದರು, "ಬಾಯಾರ, ಸೋರಿದ ರಕ್ತ ಕೊಡದಾಂಗ ಅಗದಿ ಗುಂಡಗ ಕುಂದರತೈತೇನ್ರಿ?" ಆಮೇಲೆ ರೋಗಿಯ ಒಂದರ ಮೇಲೊಂದು ಹೆಣೆದುಕೊಂಡ ಕಾಲುಗಳನ್ನು ನೋಡಿದರು. ದನಿ ಏರಿಸಿ ಕೇಳಿಯೇಬಿಟ್ಟರು, "ಕಾಕಾ, ಒಂದಕ್ಕ ಬಂದೈತೇನು?"

ಫಕ್ಕೀರಪ್ಪನವರು ಕಣ್ಣು ತೆರೆಯದೇ ಹೌದೆಂದು ತಲೆಯಾಡಿಸಿದರು.

ಅಡ್ಡ ಪರದೆ ಎಳೆದು ಪಾತ್ರೆ ಕೊಟ್ಟೆವು. ಬಹಳ ಹೊತ್ತಾಯಿತು. ಆ ಸದ್ದು ಮುಗಿಯುವವರೆಗೆ ಹದಿನೈದು ಮಂದಿಯೂ ತಲೆಯೆತ್ತಿ ಫ್ಯಾನ್ ನೋಡುತ್ತ ನಿಂತಿದ್ದರು.

ಮತ್ತೆ ಸ್ಕ್ಯಾನ್ ಮಾಡಿದೆ. ಕಪ್ಪು ಮಾಯ! ಎಲ್ಲೂ ರಕ್ತವಿಲ್ಲ, ನಾಡಿ ತಣ್ಣಗೆ ನಡೆಯುತ್ತಿತ್ತು. ನಾನು ಕಂಡದ್ದು ಎರಡು ಎಳನೀರು, ಒಂದು ತಂಬಿಗೆ ಮಜ್ಜಿಗೆ, ಎರಡು ಸೋಡಾ. ಮುಂಬಾಗಿಲಲ್ಲಿ ಆಂಬುಲೆನ್ಸ್ ಹೊಯ್ಕೊಳ್ಳುತ್ತಿತ್ತು. ಚಾಲಕ ಒಳಗೆ ಬಂದು "ಸೀರಿಯಸ್ ಪೇಶಂಟ್ ಯಾರ್ರಿ?" ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಮೊದಲ ಹೇಳಾಕ ಏನಾಗಿತ್ರಿ ಕಾಕಾ?"

"ಬೀಗಿತಿ ಎದುರಿಗೆ ನಿಂತಾರಲ್ರಿ! ಅವರ ಮುಂದ ಹೆಂಗ ಹೇಳಲಿ? ಸಾಯೂದಾದ್ರ ಸಾಯೂನು ಅಂತ ಸುಮ್ಮನಿದ್ನಿ."

ಸಂಜೆಯವರೆಗೆ ಇಟ್ಟುಕೊಂಡು ಎರಡು ಸಲ ಪರೀಕ್ಷೆ ಮಾಡಿ ಮನೆಗೆ ಬಿಟ್ಟೆ. ಹೊರಡುವಾಗ ಫಕ್ಕೀರಪ್ಪನವರು ಗೋಡೆಯತ್ತ ಕೈ ತೋರಿಸಿದರು. "ಮಲಕೊಂಡಾಗಿಂದ ಅದನ್ನ ಓದಾಕತ್ತಿದ್ನಿ ನೋಡ್ರಿ. ಮೂರು ದಿನದ್ದು ಅಂತ ಬರದಾರ. ಬಾಯಾರ, ನಾಕನೇ ದಿನಾನೂ ಹೋಗಿ ಬರಬೇಕಿತ್ರಿ ನೀವು."

ಪ್ರಮಾಣಪತ್ರ ಈಗ ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಬೋರಲಾಗಿ ಮಲಗಿದೆ. ತುರ್ತು ವಿಭಾಗಕ್ಕೆ ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ: "ಒಂದಕ್ಕ ಹೋಗಬೇಕೇನ್ರಿ?" ಮೊನ್ನೆ ಹಲ್ಲುನೋವಿಗೆ ಬಂದ ಮಾಸ್ತರರನ್ನೂ ಕೇಳಿದೆ. ಅವರು ಶಾಂತವ್ವನ ಕಡೆ ತಿರುಗಿ, ಬೇರೆ ಡಾಕ್ಟರ್ ಯಾವಾಗ ಬರ್ತಾರ್ರಿ ಎಂದು ವಿಚಾರಿಸಿದರು.