ಸಂತಾಪಕ್ಕೆ ಚಪ್ಪಾಳೆ

ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಪತ್ರ ಬರೆದರೆ ಒಂದು ಅಲ್ಪವಿರಾಮವೂ ತಪ್ಪುವುದಿಲ್ಲ. ಹಾಗಾಗಿ ಹೊಳೆನರಸೀಪುರಕ್ಕೆ ಇಂಟರ್ನೆಟ್ ಬಂದಾಗ, ಇಮೇಲ್ ಹುಟ್ಟಿದ್ದೇ ನನಗಾಗಿ ಅಂದುಕೊಂಡೆ. ಕೊರತೆ ಒಂದೇ. ‘ನಮಸ್ಕಾರ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಕೈ ಮುಗಿದಂತೆಯೇ ಅನ್ನಿಸುತ್ತಿರಲಿಲ್ಲ.

ಅದಕ್ಕೂ ಪರಿಹಾರ ಸಿಕ್ಕಿತು. ಅಲುಗಾಡುವ ಚಿತ್ರಗಳನ್ನು ಪುಕ್ಕಟೆ ಕೊಡುವ ವೆಬ್‌ಸೈಟ್! ಕುಣಿಯುವ ಕರಡಿ, ಕಣ್ಣು ಹೊಡೆಯುವ ಟೊಮೆಟೊ ಎಲ್ಲವನ್ನೂ ದಾಟಿ, ಎರಡು ಕೈಗಳ ಚಿತ್ರವೊಂದನ್ನು ಒತ್ತಿದೆ. ಕೈಗಳು ದೂರ ದೂರ ಇದ್ದವು. ಒಂದು ನಿಮಿಷ ಕಾದೆ. ಮೆಲ್ಲಗೆ ಕೂಡಿಕೊಂಡವು, ಹಾಗೆಯೇ ನಿಂತವು. ಎಂಥ ವಿನಯ!

ಇದನ್ನು ಮೇಲ್‌ಗೆ ಸೇರಿಸುವುದು ಹೇಗೆಂದು ಸೈಬರ್ ಸೆಂಟರಿನ ಪುಟ್ಟಸ್ವಾಮಿಯವರನ್ನು ಕೇಳಿದೆ.

“ಸಿಗ್ನೇಚರ್‌ಗೆ ಹಾಕ್ಬುಡಿ ಮೇಡಂ. ನೀವು ಮರ್ತ್ರೂ ಅದು ಮರೆಯಾಕಿಲ್ಲ. ಎಲ್ಲಾ ಮೇಲ್ ಕೆಳಗೂ ತಾನೇ ಓಯ್ತದೆ.”

ಈ ಮಾತಿನ ಭೀಕರತೆ ನನಗೆ ಆಗ ಹೊಳೆಯಲಿಲ್ಲ.

ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅದಕ್ಕೆ ಹಾಸನದಲ್ಲಿದ್ದ ನಮ್ಮ ಮೇಷ್ಟ್ರ ಶಿಫಾರಸು ಪತ್ರ ಬೇಕೇ ಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರ ತಾಯಿ ತೀರಿಕೊಂಡರು. ತಕ್ಷಣ ಸಂತಾಪದ ಮೇಲ್ ಬರೆದೆ. ಸಾವಿನ ಕಾಗದದ ನೆತ್ತಿಯಲ್ಲಿ ‘ಶ್ರೀ’ ಬರೆಯಬಾರದೆಂದು ಅಪ್ಪ ಕಲಿಸಿದ್ದರು. ಬರೆಯಲಿಲ್ಲ. ಮೇಲ್ಭಾಗದಲ್ಲಿ ಸಂಪ್ರದಾಯಕ್ಕೆ ಒಂದಿಷ್ಟೂ ಕುಂದು ಬರಲಿಲ್ಲ!

ಹಾಸನದ ಆಫೀಸೊಂದರಲ್ಲಿದ್ದ ಗೆಳತಿ ಶುಭಾಳಿಗೂ ಅದರ ಒಂದು ಪ್ರತಿ ಕಳಿಸಿದ್ದೆ. ಕೆಲವು ದಿನಗಳ ನಂತರ ಅವಳ ಫೋನ್ ಬಂತು.

“ಏನೇ ಇದು! ಮೇಷ್ಟ್ರ ತಾಯಿ ಹೋದ್ರು ಅಂತ ಚಪ್ಪಾಳೆ ಹೊಡೀತಿದೀಯಾ?”

“ಅದು ಚಪ್ಪಾಳೆ ಅಲ್ವೇ, ನಮಸ್ಕಾರ.”

“ಯಾವ ನಮಸ್ಕಾರ? ಪಟಪಟ ತಟ್ತಾನೇ ಇದೆ ಕಣೇ, ನಿಲ್ತಾನೇ ಇಲ್ಲ! ನಿಮ್ಮೂರಿನ ಲೈನ್‌ಗೆ ಅರ್ಧ ಚಿತ್ರ ಮಾತ್ರ ಬಂದಿರ್ಬೇಕು.”

ರಿಸೀವರ್ ಇಟ್ಟೆ. ಸೈಬರ್ ಸೆಂಟರಿಗೆ ಓಡಿದೆ. ಮೇಷ್ಟ್ರಿಗೆ ಕ್ಷಮಾಪಣೆ ಬರೆದು ಕಳಿಸಿದೆ. ಆಮೇಲೆ ಪುಟ್ಟಸ್ವಾಮಿ ಇಣುಕಿ ನೋಡಿದರು.

“ಸಿಗ್ನೇಚರ್ ತೆಗುದ್ರಾ ಮೇಡಂ?”

ತೆಗೆದಿರಲಿಲ್ಲ. ಕ್ಷಮಾಪಣೆಗೂ ಚಪ್ಪಾಳೆ!

ಮೂರನೆಯ ಮೇಲ್ ಬರೆಯುವ ಧೈರ್ಯ ಬರಲಿಲ್ಲ. ಮಾರನೆಯ ದಿನ ವೈಕುಂಠ ಸಮಾರಾಧನೆ. ಮೊದಲ ಬಸ್ಸಿಗೇ ಹಾಸನಕ್ಕೆ ಹೋದೆ. ಮನೆ ತುಂಬ ನೆಂಟರು. ಮೇಷ್ಟ್ರು ಮಾತ್ರ ಶಾಂತವಾಗಿ ಕವರೊಂದನ್ನು ನನ್ನ ಕೈಗಿತ್ತರು.

“ನಿನ್ನ ಶಿಫಾರಸು ಪತ್ರ ಬರೆದಿಟ್ಟಿದ್ದೆ. ಊಟ ಮಾಡ್ಕೊಂಡು ಹೋಗಮ್ಮ.”

ಹೆಚ್ಚು ಮಾತಾಡದ ನಾನು ಆಗಲಾದರೂ ಸುಮ್ಮನಿರಬೇಕಿತ್ತು.

“ಸರ್, ಆ ಚಪ್ಪಾಳೆ ನಾನು ಬೇಕೂಂತ ಹಾಕಿದ್ದಲ್ಲ...”

“ಯಾವ ಚಪ್ಪಾಳೆ?”

“ಮೇಲ್‌ನಲ್ಲಿ...”

“ಸೂತಕ ಅಂತ ಇಷ್ಟು ದಿನ ಕಂಪ್ಯೂಟರೇ ಮುಟ್ಟಿಲ್ಲವಲ್ಲಮ್ಮ!”

ನೆಲ ಬಾಯಿ ಬಿಡಲಿಲ್ಲ. ಮೇಷ್ಟ್ರ ಅಕ್ಕ ಬಾಯಿ ಬಿಟ್ಟರು.

“ಅದೇನದು, ತೆಗೆದು ನೋಡೋ.”

ಮೇಷ್ಟ್ರು ಕಂಪ್ಯೂಟರ್ ಹಾಕಿದರು. ನೆಂಟರೆಲ್ಲ ಬೆನ್ನ ಹಿಂದೆ ನಿಂತರು. ಹಾಸನದ ಲೈನ್‌ಗೆ ಅಂದು ಎಲ್ಲಿಲ್ಲದ ಚುರುಕು! ‘ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂಬ ಸಾಲಿನ ಕೆಳಗೆ ಎರಡು ಕೈಗಳು ಪಟಪಟನೆ ತಟ್ಟತೊಡಗಿದವು. ಮುಂದಿನ ಮೇಲ್, ‘ದಯವಿಟ್ಟು ಕ್ಷಮಿಸಿ’. ಅದರ ಕೆಳಗೂ ತಟ್ಟಿದವು. ಕೈಗಳು ದಣಿಯಲೇ ಇಲ್ಲ.

“ಈ ಹುಡುಗಿಗೆ ನಮ್ಮಮ್ಮನ ಮೇಲೆ ಅದೇನು ಸಿಟ್ಟಿತ್ತೋ!” ಎಂದರು ಅಕ್ಕ.

ನಮಸ್ಕಾರ ಅಂದುಕೊಂಡು ಹಾಕಿದ್ದೆಂದು ತೊದಲಿದೆ. ಮೇಷ್ಟ್ರು ನನ್ನನ್ನೇ ದಿಟ್ಟಿಸಿ ನೋಡಿದರು. ಅವರ ಮೀಸೆ ಸ್ವಲ್ಪ ಅಲುಗಿತೋ, ಇಲ್ಲವೋ, ತಿಳಿಯಲಿಲ್ಲ. ಆಮೇಲೆ ಕೈ ಚಾಚಿದರು.

“ಆ ಕವರು ಒಂದು ನಿಮಿಷ ಕೊಡಮ್ಮ.”

ಕೊಟ್ಟೆ. ಒಳಗೆ ಹೋಗಿ ಬಂದು ಮರಳಿಸಿದರು. ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಬಸ್ಸಿನಲ್ಲಿ ಪತ್ರ ಬಿಚ್ಚಿದೆ. ‘ಗಂಭೀರ ಸ್ವಭಾವದವರು’ ಎಂಬ ಮಾತಿಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ‘ಕಂಪ್ಯೂಟರ್ ಚೆನ್ನಾಗಿ ಬಲ್ಲರು’ ಎಂಬುದಕ್ಕೂ ಗೆರೆ. ತಿದ್ದಿದ ಕಡೆಯೆಲ್ಲ ಪಕ್ಕದಲ್ಲಿ ನಿಯಮದಂತೆ ಪುಟ್ಟ ಸಹಿ.

ನನ್ನ ಬಗ್ಗೆ ಇನ್ನು ಉಳಿದಿದ್ದ ಹೊಗಳಿಕೆ ಒಂದೇ: ‘ತರಗತಿಗೆ ತಪ್ಪದೆ ಬರುತ್ತಿದ್ದರು.’